ನೀನು ಅವತ್ತು ಅಲ್ಲಿದ್ಯಾ?

ಐರನ್ ಮೇಡನ್ ಅಭಿಮಾನಿಗಳು ಮೂರು ಜನ ಒಂದು ಟೇಬಲ್ ಸುತ್ತ ಕೂತರೆ ಹತ್ತು ನಿಮಿಷದೊಳಗೆ ಪಟ್ಟಿ ಶುರುವಾಗುತ್ತೆ. 1980ರ ಮೊದಲ ಆಲ್ಬಮ್ಮಿನಿಂದ 2021ರ ‘ಸೆಂಜುತ್ಸು’ವರೆಗೆ ಒಟ್ಟು ಹದಿನೇಳು ಸ್ಟುಡಿಯೋ ಆಲ್ಬಮ್. ಅವನ್ನು ಒಂದರಿಂದ ಹದಿನೇಳರವರೆಗೆ ಸಾಲಾಗಿ ನಿಲ್ಲಿಸಬೇಕು. ಮೇಲಿನ ಮೂರು ಜಾಗಕ್ಕೆ ‘ದ ನಂಬರ್ ಆಫ್ ದ ಬೀಸ್ಟ್’, ‘ಪವರ್‌ಸ್ಲೇವ್’, ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ ನಡುವೆ ಜಗಳ. ಕೆಳಗಿನ ಎರಡು ಜಾಗಕ್ಕೆ ಹೆಚ್ಚಿನ ಕಡೆ ಜಗಳವೇ ಇಲ್ಲ. ಬ್ರೂಸ್ ಡಿಕಿನ್ಸನ್ ಬ್ಯಾಂಡ್ ಬಿಟ್ಟು ಹೋಗಿದ್ದ ಕಾಲದಲ್ಲಿ ಬ್ಲೇಜ್ ಬೇಯ್ಲಿ ಹಾಡಿದ ‘ದ ಎಕ್ಸ್ ಫ್ಯಾಕ್ಟರ್’ (1995) ಮತ್ತು ‘ವರ್ಚುವಲ್ ಇಲೆವೆನ್’ (1998) ಎರಡನ್ನೂ, ಪೂರ್ತಿ ಕೇಳದವರು ಕೂಡ, ಕಣ್ಣು ಮುಚ್ಚಿ ಕೊನೆಗೆ ತಳ್ತಾರೆ.

ನನ್ನ ಹೆಂಡತಿ ಇದನ್ನೆಲ್ಲ ನೋಡಿ, “ಎಲ್ಲಾ ಒಂದೇ ಥರ ಕೂಗ್ತಾರಲ್ರೀ, ಅದರಲ್ಲೇನು ಫಸ್ಟ್ ರ‍್ಯಾಂಕು ಸೆಕೆಂಡ್ ರ‍್ಯಾಂಕು?” ಅಂತಾಳೆ. ತಮಾಷೆಗೆ ಹೇಳಿದ ಮಾತಾದ್ರೂ ಪ್ರಶ್ನೆ ಗಟ್ಟಿಯದೇ. ‘ಪವರ್‌ಸ್ಲೇವ್’ ಮೇಲು, ‘ಬ್ರೇವ್ ನ್ಯೂ ವರ್ಲ್ಡ್’ ಅದಕ್ಕಿಂತ ಕೆಳಗೆ ಅಂತ ನಾನು ಹೇಳಿದಾಗ ನಾನು ಆಲ್ಬಮ್ ಬಗ್ಗೆ ಹೇಳ್ತಿದೀನಾ, ನನ್ನ ಬಗ್ಗೆ ಹೇಳ್ತಿದೀನಾ?

ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ‘ಡಾನ್ ಕ್ವಿಕ್ಸಾಟ್’ ಕಾದಂಬರಿಯಿಂದ ಎತ್ತಿಕೊಂಡ ಒಂದು ಕಥೆ ಬರುತ್ತೆ. ಒಂದು ಪೀಪಾಯಿ ದ್ರಾಕ್ಷಾರಸದ ರುಚಿ ಹೇಳೋಕೆ ಇಬ್ಬರನ್ನು ಕರೆಸ್ತಾರೆ. ಒಬ್ಬ, ಚೆನ್ನಾಗಿದೆ, ಆದ್ರೆ ಸ್ವಲ್ಪ ಚರ್ಮದ ವಾಸನೆ ಅಂತಾನೆ. ಇನ್ನೊಬ್ಬ, ಚೆನ್ನಾಗಿದೆ, ಆದ್ರೆ ಕಬ್ಬಿಣದ ರುಚಿ ಬರ್ತಿದೆ ಅಂತಾನೆ. ಸುತ್ತ ಇದ್ದವರಿಗೆಲ್ಲ ನಗು. ಪೀಪಾಯಿ ಖಾಲಿಯಾದ ಮೇಲೆ ನೋಡಿದ್ರೆ ತಳದಲ್ಲಿ ಒಂದು ಬೀಗದ ಕೈ, ಅದಕ್ಕೆ ಕಟ್ಟಿದ್ದ ಚರ್ಮದ ದಾರ. ಅಂದ್ರೆ ರುಚಿ ಅನ್ನೋದು ಬರೀ ಅವರವರ ನಾಲಿಗೆಯ ವಿಷಯ ಅಲ್ಲ, ವಸ್ತುವಿನಲ್ಲಿ ಇದ್ದದ್ದನ್ನೇ ಸೂಕ್ಷ್ಮ ನಾಲಿಗೆ ಹಿಡಿಯುತ್ತೆ ಅಂತ ಹ್ಯೂಮನ ವಾದ.

ನಮ್ಮಲ್ಲೂ ಹೀಗೆ ಆಗಿದ್ದುಂಟು. 1990ರ ‘ನೋ ಪ್ರೇಯರ್ ಫಾರ್ ದ ಡೈಯಿಂಗ್’ ಕೇಳಿ ಟೀಮಿನ ಒಬ್ಬ, “ಏನೋ ಒಣಒಣ ಅನ್ಸುತ್ತೆ, ದೊಡ್ಡ ಸ್ಟುಡಿಯೋದ ಗುಂಗು ಇಲ್ಲ” ಅಂದಿದ್ದ. ಸ್ಟೀವ್ ಹ್ಯಾರಿಸ್ ಅದನ್ನು ಎಸೆಕ್ಸಿನ ತನ್ನ ಸ್ವಂತ ಜಾಗದಲ್ಲಿದ್ದ ಕೊಟ್ಟಿಗೆಯಂಥ ಕಟ್ಟಡದಲ್ಲಿ, ಬಾಡಿಗೆ ಮೊಬೈಲ್ ಸ್ಟುಡಿಯೋ ತಂದು ನಿಲ್ಲಿಸಿ ರೆಕಾರ್ಡ್ ಮಾಡಿಸಿದ ಅನ್ನೋದು ಅವನಿಗೆ ಆಗ ಗೊತ್ತಿರಲಿಲ್ಲ. ಚರ್ಮದ ದಾರ ಸಿಕ್ತು.

ಆದ್ರೆ ಅದೇ ಪ್ರಬಂಧದಲ್ಲಿ ಹ್ಯೂಮ್ ಇನ್ನೊಂದು ಮಾತನ್ನೂ ಒಪ್ಕೋತಾನೆ. ಇಪ್ಪತ್ತರಲ್ಲಿ ಓವಿಡ್ ಇಷ್ಟವಾಗಬಹುದು, ನಲವತ್ತರಲ್ಲಿ ಹೊರೇಸ್, ಐವತ್ತರಲ್ಲಿ ಟ್ಯಾಸಿಟಸ್. ಅದನ್ನು ತಪ್ಪು ಅನ್ನೋಕಾಗಲ್ಲ, ವಯಸ್ಸಿಗೆ ತಕ್ಕ ಗೆಳೆತನ ಅದು. ಹಾಸ್ಟೆಲಿನಲ್ಲಿ ನನಗೆ ‘ದ ನಂಬರ್ ಆಫ್ ದ ಬೀಸ್ಟ್’ ಬಿಟ್ಟು ಬೇರೆ ಪ್ರಪಂಚ ಇರಲಿಲ್ಲ. ಈಗ ಹೋಮ್ ಲೋನು, ಮಗಳ ಸ್ಕೂಲು, ಊರಲ್ಲಿ ಅಪ್ಪನ ಮಂಡಿನೋವು ಎಲ್ಲ ಸೇರಿದ ಮೇಲೆ, ಯುದ್ಧ ಮತ್ತು ಸಾವಿನ ಬಗ್ಗೆ ನಿಧಾನವಾಗಿ ಯೋಚಿಸುವ 2006ರ ‘ಎ ಮ್ಯಾಟರ್ ಆಫ್ ಲೈಫ್ ಆಂಡ್ ಡೆತ್’ ಹತ್ತಿರ ಬಂದಿದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಅರ್ಧ ಬೀಗದ ಕೈ, ಇನ್ನರ್ಧ ನನ್ನ ವಯಸ್ಸು. ಯಾವುದು ಎಲ್ಲಿ ಮುಗಿಯುತ್ತೆ ಅಂತ ಗೆರೆ ಎಳೆಯೋಕೆ ನನಗಂತೂ ಆಗಿಲ್ಲ.

ಇನ್ನು ಎಲ್ಲರ ಪಟ್ಟಿ ಸೇರಿಸಿ ಒಂದು ಪಟ್ಟಿ ಮಾಡ್ತೀನಿ ಅಂತ ಹೊರಟವರ ಕಥೆ ಬೇರೆ. ಒಂದ್ಸಲ ಮೂರು ಜನ ಕೂತು ಮೂರೇ ಆಲ್ಬಮ್ ಇಟ್ಕೊಂಡು ಪ್ರಯತ್ನ ಮಾಡಿದ್ವಿ. ನಂದು ‘ಪವರ್‌ಸ್ಲೇವ್’, ‘ಸೆವೆಂತ್ ಸನ್’, ‘ಬ್ರೇವ್ ನ್ಯೂ ವರ್ಲ್ಡ್’ ಈ ಕ್ರಮ. ಎರಡನೆಯವನದು ‘ಸೆವೆಂತ್ ಸನ್’, ‘ಬ್ರೇವ್ ನ್ಯೂ ವರ್ಲ್ಡ್’, ‘ಪವರ್‌ಸ್ಲೇವ್’. ಮೂರನೆಯವನದು ‘ಬ್ರೇವ್ ನ್ಯೂ ವರ್ಲ್ಡ್’, ‘ಪವರ್‌ಸ್ಲೇವ್’, ‘ಸೆವೆಂತ್ ಸನ್’. ಈಗ ಬಹುಮತ ಎಣಿಸಿ ನೋಡಿ. ‘ಪವರ್‌ಸ್ಲೇವ್’ ‘ಸೆವೆಂತ್ ಸನ್’ ಅನ್ನು ಸೋಲಿಸುತ್ತೆ, ‘ಸೆವೆಂತ್ ಸನ್’ ‘ಬ್ರೇವ್ ನ್ಯೂ ವರ್ಲ್ಡ್’ ಅನ್ನು ಸೋಲಿಸುತ್ತೆ, ‘ಬ್ರೇವ್ ನ್ಯೂ ವರ್ಲ್ಡ್’ ಮತ್ತೆ ‘ಪವರ್‌ಸ್ಲೇವ್’ ಅನ್ನು ಸೋಲಿಸುತ್ತೆ. ಎಲ್ಲಾ ಎರಡು–ಒಂದು. ಪ್ರತಿಯೊಬ್ಬನ ಪಟ್ಟಿಯೂ ನೆಟ್ಟಗಿದೆ, ಗುಂಪಿನ ಪಟ್ಟಿ ಮಾತ್ರ ಗಾಣದೆತ್ತಿನ ಥರ ಸುತ್ತುತ್ತೆ. ಫ್ರಾನ್ಸಿನ ಕೊಂಡೋರ್ಸೆ 1785ರಲ್ಲೇ ಚುನಾವಣೆಯ ಲೆಕ್ಕ ಹಾಕುವಾಗ ಇದನ್ನು ತೋರಿಸಿದ್ದ. ಕೋಡ್ ಬರೆಯೋರಿಗೆ ಬೇಗ ಅರ್ಥವಾಗುತ್ತೆ: ಇಂಥ ಹೋಲಿಕೆಯನ್ನು ಸಾರ್ಟ್ ಫಂಕ್ಷನ್‌ಗೆ ಕೊಟ್ರೆ ಅದು ಏನು ಉತ್ತರ ಕೊಟ್ರೂ ನಂಬೋ ಹಾಗಿಲ್ಲ.

ಪಟ್ಟಿಯಲ್ಲಿ ಹೀಗೆ ಯಾರೂ ಗೆಲ್ಲಲ್ಲ ಅಂತಾದಾಗ ಜನ ಇನ್ನೊಂದು ಅಸ್ತ್ರ ತೆಗೀತಾರೆ. “ನೀನು ಅವತ್ತು ಅಲ್ಲಿದ್ಯಾ?”

ಬೆಂಗಳೂರಿನಲ್ಲಿ ‘ಅವತ್ತು’ ಅಂದ್ರೆ 2007ರ ಮಾರ್ಚ್ 17, ಶನಿವಾರ, ಅರಮನೆ ಮೈದಾನ. ಭಾರತದಲ್ಲಿ ಐರನ್ ಮೇಡನ್‌ನ ಮೊದಲ ಶೋ. ಮುಂದಿನ ವರ್ಷ ಮುಂಬೈಗೆ ಬಂದ್ರು, 2009ರಲ್ಲಿ ಮತ್ತೆ ಬೆಂಗಳೂರಿಗೇ ಬಂದ್ರು, ಆದ್ರೆ 2007ಕ್ಕೆ ಇರೋ ತೂಕ ಅವಕ್ಕಿಲ್ಲ. ಆ ದಿನ ಅಲ್ಲಿದ್ದೆ ಅನ್ನೋರು ವರ್ಷವರ್ಷಕ್ಕೂ ಹೆಚ್ಚಾಗ್ತಿದ್ದಾರೆ. ಎಲ್ಲಾ ನಿಜ ಅಂತ ಲೆಕ್ಕ ಹಾಕಿದ್ರೆ ಅರಮನೆ ಮೈದಾನ ಸಾಲದೆ ಮೇಖ್ರಿ ಸರ್ಕಲ್‌ವರೆಗೆ ಜನ ನಿಂತಿರಬೇಕು.

ಇದು ನಮ್ಮೊಬ್ಬರ ರೋಗ ಅಲ್ಲ. 1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸರ್ ಫ್ರೀ ಟ್ರೇಡ್ ಹಾಲಿನಲ್ಲಿ ಸೆಕ್ಸ್ ಪಿಸ್ಟಲ್ಸ್ ನುಡಿಸಿದಾಗ ಬಂದಿದ್ದವರು ನಲವತ್ತರ ಆಸುಪಾಸು ಅಂತಾರೆ. ಅವರಲ್ಲಿ ಕೆಲವರು ಆಮೇಲೆ ಜಾಯ್ ಡಿವಿಷನ್‌ನಂಥ ಬ್ಯಾಂಡ್ ಕಟ್ಟಿ ದೊಡ್ಡ ಹೆಸರಾದ್ರು. ಸಂಜೆಗೆ ಬೆಲೆ ಬಂತು. ಬೆಲೆ ಬಂದ ಮೇಲೆ ನಾನೂ ಇದ್ದೆ ಅನ್ನೋರ ಸಂಖ್ಯೆ ಸಾವಿರಗಟ್ಟಲೆ ಆಯ್ತು. ಡೇವಿಡ್ ನೋಲನ್ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾನೆ. ಅದರ ಹೆಸರೇ ‘ಆಣೆ ಮಾಡಿ ಹೇಳ್ತೀನಿ, ನಾನಲ್ಲಿದ್ದೆ’ ಅನ್ನೋ ಅರ್ಥದ್ದು.

ಈಗ ನನ್ನನ್ನು ಕಾಡಿದ ಸಂಗತಿಗೆ ಬರ್ತೀನಿ. ನನ್ನ ಜೊತೆ ಬಿಇ ಓದಿದ ಒಬ್ಬ ಗೆಳೆಯ ಈಗ ನಾನಿರೋ ಕಡೆಯೇ ಕೆಲಸ ಮಾಡ್ತಾನೆ. ಅವನು 2007ರ ಶೋ ವರ್ಣಿಸಿದ್ರೆ ಕೇಳೋರ ಮೈ ಜುಮ್ಮನ್ನಬೇಕು. ಧೂಳು, ನೂಕುನುಗ್ಗಲು, ಕಿತ್ತುಹೋದ ಚಪ್ಪಲಿ, ಎಡ್ಡಿ ಸ್ಟೇಜಿಗೆ ಬಂದಾಗ ಎದ್ದ ಕೂಗು. ತೊಂದರೆ ಏನಂದ್ರೆ, ಆ ರಾತ್ರಿ ಅವನು ನನ್ನ ಪಕ್ಕದಲ್ಲಿ ಕೂತಿದ್ದ. ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರ್ ದೂರ, ಹಾಸ್ಟೆಲಿನ ಟಿವಿ ರೂಮಿನಲ್ಲಿ. ವರ್ಲ್ಡ್ ಕಪ್‌ನಲ್ಲಿ ಇಂಡಿಯಾ ಬಾಂಗ್ಲಾದೇಶದ ಎದುರು 191ಕ್ಕೆ ಆಲೌಟ್ ಆಗಿ ಸೋತಿದ್ದೂ ಅದೇ ಮಾರ್ಚ್ 17. ಗಂಗೂಲಿ ಹೊಡೆದ 66 ಬಿಟ್ರೆ ಹೇಳಿಕೊಳ್ಳೋಕೆ ಹೆಚ್ಚೇನಿಲ್ಲದ ಮ್ಯಾಚು. ವೆಸ್ಟ್ ಇಂಡೀಸ್‌ನಲ್ಲಿ ಆಟ, ನಮಗೆ ನಡುರಾತ್ರಿ ದಾಟಿತ್ತು. ಯಾರೋ ರಿಮೋಟ್ ಎತ್ತಿ ಗೋಡೆಗೆ ಬೀಸಿದ್ದ.

ಎಷ್ಟೋ ವರ್ಷ ನಾನು ಸುಮ್ಮನಿದ್ದೆ. ಸ್ನೇಹಕ್ಕೆ ಅಂತಲ್ಲ. ಆ ಕಥೆಯಿಂದ ಯಾರಿಗೂ ನಷ್ಟ ಕಾಣ್ತಿರಲಿಲ್ಲ, ಮೇಲಾಗಿ ಚೆನ್ನಾಗಿ ಹೇಳ್ತಿದ್ದ. ನಮ್ಮೂರಲ್ಲಿ ನಮ್ಮ ದೊಡ್ಡಪ್ಪ ಚಿಟ್ಟಾಣಿಯವರ ಕೀಚಕವನ್ನು ವರ್ಣಿಸುವಾಗಲೂ ಹೀಗೇ. ಮೂರು ಬೇರೆ ಬೇರೆ ಆಟಗಳನ್ನು ಸೇರಿಸಿ ಅವರು ಒಂದು ರಾತ್ರಿ ಮಾಡಿದ್ದಾರೆ ಅಂತ ನನಗೆ ಬಲವಾದ ಅನುಮಾನ. ಆದ್ರೆ ದೊಡ್ಡಪ್ಪ ಹೇಳ್ತಿದ್ದದ್ದು ಚಾಪೆ ಮೇಲೆ ನಿದ್ದೆ ಹೋಗಿದ್ದ ನಮ್ಮಂಥ ಮಕ್ಕಳಿಗೆ, ನೋಡದೇ ಇದ್ದದ್ದನ್ನು ನೋಡಿಸೋಕೆ. ನಾವು ಅಡ್ಡ ಮಾತಾಡಿದ್ರೂ, “ನೀ ಮಲಗಿದ್ಯಲ್ಲ, ನಿಂಗೇನು ಗೊತ್ತು” ಅಂತ ಒಂದು ದಿನವೂ ಬಾಯಿ ಮುಚ್ಚಿಸಲಿಲ್ಲ.

ಟೀಮಿಗೆ ಹೊಸದಾಗಿ ಕೊಪ್ಪಳದ ಕಡೆಯ ಹುಡುಗ ಒಬ್ಬ ಸೇರಿದ. 2007ರಲ್ಲಿ ಅವನು ಎಂಟನೇ ಕ್ಲಾಸು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲ್ಲರೂ ಪಟ್ಟಿ ಮಾಡ್ತಿರುವಾಗ ಅವನು ‘ದ ಎಕ್ಸ್ ಫ್ಯಾಕ್ಟರ್’ಗೆ ನಾಲ್ಕನೇ ಜಾಗ ಕೊಟ್ಟ. ಎಲ್ಲರೂ ನಕ್ಕರು. ಅವನು ಕಾರಣ ಹೇಳೋಕೆ ಬಾಯಿ ತೆಗೀತಿದ್ದ ಹಾಗೇ ನನ್ನ ಗೆಳೆಯ, “ಮಗಾ, ಅರಮನೆ ಮೈದಾನದಲ್ಲಿ ಬ್ರೂಸ್ ಹಾಡಿದ್ದು ಕೇಳಿದ್ಯಾ? ಇಲ್ಲ ತಾನೆ? ಹಂಗಾದ್ರೆ ಬಿಡು” ಅಂದ. ಹುಡುಗ ತಟ್ಟೆ ನೋಡ್ಕೊಂಡು ಸುಮ್ಮನಾದ. ಹಳ್ಳಿಯಿಂದ ಬಂದವರಿಗೆ ಆ ಸುಮ್ಮನಾಗೋದು ಗೊತ್ತು. ಈ ಊರಲ್ಲಿ ಯಾವ ವಿಷಯ ತೆಗೆದ್ರೂ ನಮಗಿಂತ ಮೊದಲೇ ಅಲ್ಲಿಗೆ ಹೋಗಿ ಬಂದವರು ಒಬ್ಬರು ಇದ್ದೇ ಇರ್ತಾರೆ.

ನಾನು ಅಂದೆ, “ನಾನೂ ಹೋಗಿರಲಿಲ್ಲಪ್ಪ. ಅವತ್ತು ರಾತ್ರಿ ಹಾಸ್ಟೆಲಲ್ಲಿ ಬಾಂಗ್ಲಾದೇಶದ ಮ್ಯಾಚ್ ನೋಡ್ತಿದ್ದೆ. ಹಂಗಾದ್ರೆ ನಾನೂ ಮಾತಾಡಂಗಿಲ್ಲ. ನೀನು ಹೇಳು, ಯಾಕೆ ನಾಲ್ಕು?” ಗೆಳೆಯನ ಹೆಸರು ಎತ್ತಲಿಲ್ಲ. ಅವನು ಒಂದು ಕ್ಷಣ ನನ್ನ ಮುಖ ನೋಡಿ ನೀರು ತರೋಕೆ ಎದ್ದು ಹೋದ.

ಇದನ್ನು ಕೇಳಿದ ಇನ್ನೊಬ್ಬ ಸಹೋದ್ಯೋಗಿ ನನ್ನ ಮೇಲೇ ಸಿಟ್ಟಾದ. “ಎಲ್ಲರ ಎದುರಿಗೇ ಹೇಳಬೇಕಿತ್ತು” ಅಂತ. ಅವನ ಸಿಟ್ಟಿಗೆ ಕಾರಣ ಇತ್ತು. ಅವನು ನಿಜವಾಗಿ 2007ಕ್ಕೆ ಹೋದವನು. ಟಿಕೆಟ್ಟಿಗೆ ಸಾಲ ಮಾಡಿ, ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬಂದು, ಶೋ ಮುಗಿಸಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನವರೆಗೆ ಕೂತವನು. “ಈಗ ನಾನು ಹೇಳಿದ್ರೂ ಜನ ಒಳಗೊಳಗೇ ನಗ್ತಾರೆ, ಎಲ್ಲರೂ ಹೇಳೋದು ಇದನ್ನೇ ಅಂತ” ಅಂದ. ಯಾರಿಗೂ ನಷ್ಟವಿಲ್ಲದ ಸುಳ್ಳು ಅಂತ ನಾನು ಅಂದ್ಕೊಂಡಿದ್ದಕ್ಕೆ ಇದು ನೇರ ಉತ್ತರ. ಖೋಟಾ ನೋಟು ಓಡಾಡಿದ್ರೆ ಒಬ್ಬೊಬ್ಬನ ಜೇಬಿಗೂ ಕತ್ತರಿ ಬೀಳೋದು ಕಾಣಲ್ಲ, ಆದ್ರೆ ಅಸಲಿ ನೋಟು ಕೊಟ್ಟವನನ್ನೂ ಅಂಗಡಿಯವನು ಬೆಳಕಿಗೆ ಹಿಡಿದು ನೋಡೋಕೆ ಶುರು ಮಾಡ್ತಾನೆ.

ಅಷ್ಟು ಒಪ್ಪಿದ ಮೇಲೂ ಎದುರಿಗೆ ಹಿಡಿದು ಕೇಳೋಕೆ ನನಗೆ ಇನ್ನೊಂದು ತಡೆ ಇದೆ. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಸ್ಫೋಟವಾದ ಮಾರನೇ ದಿನ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ವಿದ್ಯಾರ್ಥಿಗಳಿಂದ, ಸುದ್ದಿ ಕೇಳಿದಾಗ ಎಲ್ಲಿದ್ರಿ, ಯಾರ ಜೊತೆ ಇದ್ರಿ ಅಂತ ಬರೆಸಿಟ್ಟುಕೊಂಡ. ಸುಮಾರು ಎರಡೂವರೆ ವರ್ಷ ಬಿಟ್ಟು ನಿಕೋಲ್ ಹಾರ್ಷ್ ಜೊತೆ ಸೇರಿ ಅವರಲ್ಲಿ ಕೆಲವರನ್ನು ಮತ್ತೆ ಕೇಳಿದ. ಕಾಲು ಭಾಗದಷ್ಟು ಜನ ಎಲ್ಲಾ ವಿವರವನ್ನೂ ತಪ್ಪು ಹೇಳಿದ್ರು, ಅದೂ ಪೂರ್ತಿ ಆತ್ಮವಿಶ್ವಾಸದಿಂದ. ಅವರದೇ ಕೈಬರಹ ತೋರಿಸಿದ್ರೂ ಹೊಸ ನೆನಪನ್ನು ಬಿಟ್ಟುಕೊಡೋಕೆ ತಯಾರಿರಲಿಲ್ಲ.

ಹೀಗಿರುವಾಗ ನನ್ನ ಗೆಳೆಯ ಸುಳ್ಳು ಹೇಳ್ತಿದ್ದಾನಾ, ಅಥವಾ ಹತ್ತು ಹದಿನೈದು ವರ್ಷ ಕಂಡವರ ಕಥೆ ಕೇಳಿ ಕೇಳಿ, ವಿಡಿಯೋ ನೋಡಿ ನೋಡಿ ಅಲ್ಲಿದ್ದೇ ಬಿಟ್ಟಿದ್ದಾನಾ? ಇನ್ನೂ ಇರುಸುಮುರುಸಿನ ಪ್ರಶ್ನೆ ಅಂದ್ರೆ, ನನ್ನ ಟಿವಿ ರೂಮಿನ ನೆನಪೂ ಇದೇ ಜಾತಿಯದ್ದು. ಮ್ಯಾಚು ನಡೆದಿದ್ದು ನಿಜ, ದಾಖಲೆ ಇದೆ. ರಿಮೋಟ್ ಹಾರಿದ್ದು ನಿಜ ಅಂತ ನಾಲ್ಕು ಜನ ಹೇಳ್ತಾರೆ. ಆದ್ರೆ ಪಕ್ಕದ ಕುರ್ಚಿಯಲ್ಲಿ ಇದ್ದವನು ಇವನೇ ಅನ್ನೋದಕ್ಕೆ ನನ್ನ ತಲೆಯೊಳಗಿನ ಚಿತ್ರ ಬಿಟ್ರೆ ಏನಿದೆ? ತೊಂಬತ್ತು ಪಾಲು ನಂಬಿಕೆ ಇದೆ. ಆ ಹತ್ತು ಪಾಲು ಇರೋವರೆಗೆ ಊಟದ ಟೇಬಲ್ಲಿನಲ್ಲಿ ನ್ಯಾಯಾಧೀಶ ಆಗೋಕೆ ಮನಸ್ಸು ಬರಲ್ಲ.

ಆದ್ರೆ ಹುಡುಗನ ಬಾಯಿ ಮುಚ್ಚಿಸಿದ್ದು ತಪ್ಪು ಅನ್ನೋಕೆ ಅಷ್ಟೆಲ್ಲ ಸಾಕ್ಷಿ ಬೇಕಾಗಿಲ್ಲ. ಗೆಳೆಯ ಅವತ್ತು ಮೊದಲ ಸಾಲಿನಲ್ಲೇ ನಿಂತಿದ್ದ ಅಂತ ನಾಳೆ ಫೋಟೋ ಸಮೇತ ಸಾಬೀತಾದ್ರೂ ಆ ಮಾತು ತಪ್ಪೇ. ಅಲ್ಲಿ ನಿಂತು ಕೇಳಿದವನಿಗೆ ಧೂಳಿನ ಬಗ್ಗೆ, ಕೂಗಿನ ಬಗ್ಗೆ, ಆ ರಾತ್ರಿಯ ಬಗ್ಗೆ ಹೇಳೋ ಅಧಿಕಾರ ಇದೆ. 1995ರ ಒಂದು ಆಲ್ಬಮ್ ಹೇಗಿದೆ ಅನ್ನೋದನ್ನು ಕಿವಿ ಇರೋ ಯಾರು ಬೇಕಾದ್ರೂ ಹೇಳಬಹುದು, ಕೊಪ್ಪಳದಲ್ಲಿ ಕೂತು ಕೇಳಿದವನೂ ಸೇರಿ. ನಿಜವಾಗಿ ಹೋಗಿ ಬಂದ ಹುಬ್ಬಳ್ಳಿಯವನಿಗೂ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಅದು ಬೇರೆ, ಇದು ಬೇರೆ” ಅಂದ. ನಾನು ಹೇಳಿದ್ದೂ ಅದನ್ನೇ ಅಂತ ಅವನಿಗೆ ಅನ್ನಿಸಲಿಲ್ಲ.

ಅಂದ ಹಾಗೆ ಹುಡುಗನ ಕಾರಣಗಳು ಚೆನ್ನಾಗಿದ್ವು. “ಅಲ್ರೀ ಸರ್, ಬ್ಲೇಜ್ ದನಿ ತಗ್ಗಿನಾಗ ಐತಿ ಅಂತ ಎಲ್ಲಾರೂ ಬೈತಾರ. ಆದ್ರ ಆ ಆಲ್ಬಮ್ಮೇ ಕತ್ತಲಿಂದು. ಅಲ್ಲಿ ಬ್ರೂಸ್‌ನಂಗ ಸೈರನ್ ಹೊಡೆದ್ರ ಹೊಂದತೈತೇನು?” ಅಂದ. ಸ್ಟೀವ್ ಹ್ಯಾರಿಸ್ ಮದುವೆ ಮುರೀತಿದ್ದ ಸಮಯದ ಕೆಲಸ ಅದು ಅನ್ನೋದನ್ನೂ ಹೇಳಿದ. ಆಮೇಲೆ ಕೊನೇ ಬಾಣ: ಅಷ್ಟು ಕೆಟ್ಟದ್ದಾಗಿದ್ರೆ, ಬ್ರೂಸ್ ವಾಪಸ್ ಬಂದ ಮೇಲೂ ‘ಸೈನ್ ಆಫ್ ದ ಕ್ರಾಸ್’ ಅನ್ನು ಯಾಕೆ ಸ್ಟೇಜಿನ ಮೇಲೆ ಹಾಡಿದ, ‘ರಾಕ್ ಇನ್ ರಿಯೋ’ ಲೈವ್ ಆಲ್ಬಮ್ಮಿನಲ್ಲಿ ಯಾಕೆ ಸೇರಿಸಿದ್ರು? ಅಷ್ಟೊತ್ತಿಗೆ ನೀರಿನ ಲೋಟ ಹಿಡ್ಕೊಂಡು ವಾಪಸ್ ಬಂದಿದ್ದ ನನ್ನ ಗೆಳೆಯನೇ, “ಅದೇನೋ ಹೌದು, ಆ ಹಾಡು ಹನ್ನೊಂದು ನಿಮಿಷ ಇದ್ರೂ ಬೋರಾಗಲ್ಲ” ಅಂದ.

ನಾನು ಆ ವಾರ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅದನ್ನು ಎರಡು ಸಲ ಪೂರ್ತಿ ಕೇಳಿದೆ. ಸದ್ಯಕ್ಕೆ ನನ್ನ ಪಟ್ಟಿಯಲ್ಲಿ ಹನ್ನೊಂದನೇ ಜಾಗ. ‘ವರ್ಚುವಲ್ ಇಲೆವೆನ್’ ಮಾತ್ರ ಇದ್ದಲ್ಲೇ ಇದೆ.