ಸಾಲಿನ ಕೊನೆಯವನ ಹೆಜ್ಜೆ



ಮಳೆಗಾಲ ಕಳೆದು ಮಲೆನಾಡಿನ ಗುಡ್ಡಗಳು ಹಸಿರು ಹೊದ್ದು ನಿಂತಾಗ ನಮ್ಮ ಅನೇಕ ಧರ್ಮಕೇಂದ್ರಗಳ ಯುವಜನರು ಚಾರಣಕ್ಕೆ ಹೊರಡುವುದುಂಟು. ಹೆತ್ತವರಿಗೆ ಆತಂಕ, ಮಕ್ಕಳಿಗೆ ಸಂಭ್ರಮ. ಹೋಗಲಿ ಬಿಡಿ, ಕಳುಹಿಸಿಕೊಡಿ. ಪುಸ್ತಕದಲ್ಲಿ ಸಿಗದ ಒಂದು ಪಾಠವನ್ನು ಬೆಟ್ಟ ಅವರಿಗೆ ಕಲಿಸುತ್ತದೆ. ಆ ಪಾಠ ಮನೆಯಲ್ಲೇ ಕುಳಿತಿರುವ ನಮಗೂ ಬೇಕಾದದ್ದು.

ಕುದುರೆಮುಖವನ್ನೇ ತೆಗೆದುಕೊಳ್ಳಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ಕಾಡಿನಲ್ಲೇ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುತ್ತವೆ. ಶಿಖರದ ಎತ್ತರ ಸುಮಾರು 1,890 ಮೀಟರ್. ಮುಳ್ಳೋಡಿ ಕಡೆಯಿಂದ ಹತ್ತಿ ಇಳಿಯಲು ಸುಮಾರು 20 ಕಿಲೋಮೀಟರ್ ನಡೆಯಬೇಕು. ಕಾಡಿನೊಳಗೆ ಡೇರೆ ಹಾಕಿ ರಾತ್ರಿ ತಂಗಲು ಈಗ ಅನುಮತಿ ಇಲ್ಲ. ತಂಡಗಳು ಬುಡದ ಹಳ್ಳಿಗಳ ಮನೆಗಳಲ್ಲಿ ಉಳಿದು, ಅರಣ್ಯ ಇಲಾಖೆಯ ಅನುಮತಿ ಪಡೆದು, ದಾರಿ ಬಲ್ಲವರೊಡನೆ ಬೆಳಿಗ್ಗೆ ಹೊರಟು ಸಂಜೆಯೊಳಗೆ ಹಿಂದಿರುಗಬೇಕು. ದಾರಿಯಲ್ಲಿ ಹಳ್ಳಗಳಿವೆ, ಇಂಬಳಗಳಿವೆ, ಶೋಲಾ ಕಾಡಿನ ಕತ್ತಲಿದೆ, ನೋಡುನೋಡುತ್ತಲೇ ಹುಲ್ಲುಗಾವಲನ್ನು ಮುಚ್ಚಿಬಿಡುವ ಮಂಜಿದೆ. ಹತ್ತು ಮಾರು ಮುಂದೆ ಹೋದವನು ಹಿಂದಿನವನಿಗೆ ಕಾಣುವುದಿಲ್ಲ.

ಆದ್ದರಿಂದಲೇ ಅನುಭವಸ್ಥ ಚಾರಣಿಗರು ಒಂದು ಕ್ರಮ ಇಟ್ಟುಕೊಂಡಿರುತ್ತಾರೆ. ದಾರಿ ಬಲ್ಲವನೊಬ್ಬ ಮುಂದೆ; ಗಟ್ಟಿಗನಾದ ಇನ್ನೊಬ್ಬ ಎಲ್ಲರಿಗಿಂತ ಹಿಂದೆ. ಆ ಹಿಂದಿನವನ ಕೆಲಸ ಒಂದೇ: ಯಾರೂ ತನಗಿಂತ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು. ಅವನಿಗೆ ಚಪ್ಪಾಳೆಯಿಲ್ಲ, ಶಿಖರವನ್ನು ಮೊದಲು ಮುಟ್ಟಿದ ಹೆಮ್ಮೆಯೂ ಇಲ್ಲ. ಆದರೆ ತಂಡ ಪೂರ್ತಿಯಾಗಿ ಮನೆ ಸೇರುವುದು ಅವನಿಂದಲೇ.

ಇನ್ನೂ ಒಂದು ಸೂಕ್ಷ್ಮವನ್ನು ಗಮನಿಸಿ. ಬಲಿಷ್ಠರು ಬೇಗ ಬೇಗ ಹತ್ತಿ, ಒಂದು ಬಂಡೆಯ ಮೇಲೆ ಕುಳಿತು, ನೀರು ಕುಡಿದು ದಣಿವಾರಿಸಿಕೊಳ್ಳುತ್ತಾರೆ. ಕಾಲು ಗಂಟೆಯ ಮೇಲೆ ನಿಧಾನಿಯೊಬ್ಬ ಏದುಸಿರು ಬಿಡುತ್ತಾ ಬಂದು ಸೇರುತ್ತಾನೆ. ಅವನನ್ನು ಕಂಡ ಕೂಡಲೇ ಮುಂದಿನವರು, “ಸರಿ, ಎಲ್ಲರೂ ಬಂದರಲ್ಲ, ಹೊರಡೋಣ” ಎಂದು ಏಳುತ್ತಾರೆ. ಫಲವೇನು? ದಣಿಯದವನಿಗೆ ವಿಶ್ರಾಂತಿ ಸಿಕ್ಕಿತು. ಎಲ್ಲರಿಗಿಂತ ಹೆಚ್ಚು ದಣಿದವನಿಗೆ ಸಿಗಲಿಲ್ಲ. ಯಾರೂ ಕೇಡು ಬಗೆಯಲಿಲ್ಲ. ಅವನಿಗಾಗಿ ಕಾದೆವೆಂದೇ ಅವರು ತಿಳಿದಿದ್ದಾರೆ. ಆದರೂ ಅನ್ಯಾಯ ನಡೆದುಹೋಯಿತು.

ಪ್ರಿಯರೇ, ನಮ್ಮ ಮನೆಗಳಲ್ಲಿ ಇದು ದಿನಾಲೂ ನಡೆಯುತ್ತಿಲ್ಲವೇ? ಎಲ್ಲರ ಊಟ ಮುಗಿದ ಮೇಲೆ ತಾಯಿ ತನ್ನ ತಟ್ಟೆ ಇಟ್ಟುಕೊಳ್ಳುತ್ತಾಳೆ. ಅವಳು ಕುಳಿತು ಎರಡು ತುತ್ತು ಉಣ್ಣುವಷ್ಟರಲ್ಲಿ ಒಬ್ಬರಿಗೆ ನೀರು ಬೇಕು, ಇನ್ನೊಬ್ಬರಿಗೆ ನಾಳೆಯ ಸಮವಸ್ತ್ರ ಬೇಕು. ಅಕ್ಕನಿಗೆ ತೊಂಬತ್ತು ಅಂಕ ಬಂದ ಮನೆಯಲ್ಲಿ ನಲವತ್ತು ತಂದ ತಮ್ಮನ ಮಾತು ಕೇಳುವವರಿಲ್ಲ. ಸಂಜೆಯ ಜಪಸರದಲ್ಲಿ ಅಜ್ಜಿ ಇನ್ನೂ ಅರ್ಧ ಪ್ರಾರ್ಥನೆಯಲ್ಲಿರುವಾಗಲೇ ನಾವು ಮುಂದಿನದನ್ನು ಆರಂಭಿಸಿಬಿಡುತ್ತೇವೆ. ನಮ್ಮ ಸಾಲಿನಲ್ಲಿ ಕೊನೆಯವರು ಯಾರೆಂದು ತಿಳಿಯಲು ಬೆಟ್ಟಕ್ಕೆ ಹೋಗಬೇಕಾಗಿಲ್ಲ.

ಪವಿತ್ರ ಗ್ರಂಥ ಈ ವಿಷಯದಲ್ಲಿ ಮೌನವಾಗಿಲ್ಲ. ಆದಿಕಾಂಡದ 33ನೇ ಅಧ್ಯಾಯದಲ್ಲಿ ಏಸಾವನು ತಮ್ಮನಾದ ಯಕೋಬನನ್ನು ಜೊತೆಯಾಗಿ ನಡೆಯೋಣವೆಂದು ಕರೆಯುತ್ತಾನೆ. ಅವನ ಸಂಗಡ ನಾನೂರು ಮಂದಿ ಗಂಡಾಳುಗಳಿದ್ದಾರೆ. ಯಕೋಬನು ಒಪ್ಪುವುದಿಲ್ಲ. ಮಕ್ಕಳು ಎಳೆಯರು, ಹಾಲೂಡಿಸುವ ಕುರಿದನಗಳಿವೆ, ಒಂದೇ ದಿನ ಅವಸರದಿಂದ ಹೊಡೆದರೂ ಹಿಂಡು ಸತ್ತೀತು. ನೀನು ಮುಂದೆ ಹೋಗು, ನಾನು ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುವೆನೆನ್ನುತ್ತಾನೆ. ಅವನ ಮಾತಿನ ಹಿಂದೆ ಅಣ್ಣನ ಭಯವೂ ಇದ್ದಿರಬಹುದು. ಆದರೂ ಹಿಂಡು ಕಾದವನಿಗಲ್ಲದೆ ಬೇರೆಯವರಿಗೆ ಹೊಳೆಯದ ಮಾತದು. ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಇದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಈಜಿಪ್ಟಿನಿಂದ ಹೊರಟು ಬಂದ ಇಸ್ರಯೇಲರಲ್ಲಿ ಅಮಾಲೇಕ್ಯರು ಹೊಡೆದದ್ದು ಯಾರನ್ನು? ದಣಿದು ಬಳಲಿ ಹಿಂದೆ ಉಳಿದವರನ್ನು. ಶತ್ರು ಇಂದಿಗೂ ಅಲ್ಲೇ ಕಾದಿರುತ್ತಾನೆ. ಕುಡಿತ, ಕೆಟ್ಟ ಸಹವಾಸ, ನಿರಾಶೆ ಇವು ಮೊದಲು ಹಿಡಿಯುವುದು ನಾವು ಹಿಂದೆ ಬಿಟ್ಟು ಬಂದ ಮಗನನ್ನೇ.

ಜಗದ್ಗುರು ಎರಡನೆಯ ಜಾನ್ ಪಾಲ್ ಅವರನ್ನು ಇಲ್ಲಿ ನೆನೆಯಬೇಕು. ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಆಡಳಿತವಿದ್ದಾಗ ಗುರುಗಳು ಯುವಜನರ ತಂಡ ಕಟ್ಟುವುದಕ್ಕೆ ಅಡ್ಡಿಯಿತ್ತು. ಕ್ರಾಕೋವ್ ನಗರದ ಯುವ ಗುರು ಕರೋಲ್ ವೊಯ್ತಿವಾ ನಿಲುವಂಗಿ ಬದಿಗಿಟ್ಟು, ವಿದ್ಯಾರ್ಥಿಗಳೊಡನೆ ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟಗಳಿಗೆ ನಡೆದರು. ಡೇರೆಯಲ್ಲಿ ಮಲಗಿದರು, ಬಯಲಲ್ಲೇ ಬಲಿಪೂಜೆ ಅರ್ಪಿಸಿದರು. ಗುರುವೆಂದು ಗುರುತಾಗದಿರಲಿ ಎಂದು ಮಕ್ಕಳು ಅವರನ್ನು ಮಾಮ ಎಂದೇ ಕರೆದರು. ದೋಣಿಯಲ್ಲಿ ಸಾಗುವಾಗ ದಿನಕ್ಕೊಬ್ಬರನ್ನು ತಮ್ಮ ದೋಣಿಗೆ ಕರೆದು ಅವರ ಮನದ ಮಾತನ್ನು ಕೇಳುತ್ತಿದ್ದರು. 1958ರ ಜುಲೈಯಲ್ಲಿ ಅಂಥ ಪ್ರವಾಸದ ನಡುವೆಯೇ ಸಹಾಯಕ ಧರ್ಮಾಧ್ಯಕ್ಷರಾಗಿ ನೇಮಕವಾದ ಸುದ್ದಿ ಬಂತು. ಅದನ್ನು ಒಪ್ಪಿಕೊಂಡು ಅವರು ಮತ್ತೆ ಆ ಮಕ್ಕಳ ಬಳಿಗೇ ಹಿಂದಿರುಗಿದರು. 1978ರಲ್ಲಿ ಜಗದ್ಗುರುಗಳಾದ ಮೇಲೂ ಆ ಸ್ನೇಹ ಕಡಿಯಲಿಲ್ಲ. ಒಬ್ಬೊಬ್ಬರ ಪಕ್ಕದಲ್ಲಿ ಕೂರಲು ಸಮಯ ಕೊಟ್ಟವರನ್ನು ಜನ ಮರೆಯುವುದಿಲ್ಲ.

“ಹಾಗಾದರೆ ಬಲವುಳ್ಳವನು ಸದಾ ತನ್ನ ಕಾಲು ಕಟ್ಟಿಕೊಳ್ಳಬೇಕೇ?” ಎಂದು ಯುವಕರು ಕೇಳಬಹುದು. ಬೇಡ. ಬಲವಿದ್ದರೆ ಬಲಹೀನನ ಚೀಲವನ್ನು ಹೊತ್ತುಕೊ. ಅವನ ಹೆಜ್ಜೆ ಹಗುರವಾಗುತ್ತದೆ, ನಿನ್ನ ಬಲವೂ ವ್ಯರ್ಥವಾಗುವುದಿಲ್ಲ. ಅಷ್ಟಾದರೂ ಅವನಿಂದ ಆಗದಿದ್ದರೆ, ಹೊತ್ತು ಮೀರುತ್ತಿದ್ದರೆ, ಎಲ್ಲರೂ ಹಿಂದಿರುಗಬೇಕು. ಇದು ಕಷ್ಟದ ಮಾತು. ಶಿಖರ ಕಣ್ಣೆದುರಿಗೇ ಇರುವಾಗ ಒಬ್ಬನಿಗಾಗಿ ಬೆನ್ನು ತಿರುಗಿಸಲು ಹೆಚ್ಚಿನ ಧೈರ್ಯ ಬೇಕು. ಆದರೆ ಶಿಖರ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಮಂಜಿನಲ್ಲಿ ಕಳೆದುಹೋದ ಗೆಳೆಯ ಇರುತ್ತಾನೆಂದು ಹೇಳುವವರು ಯಾರು?

ಪ್ರಭು ಯೇಸು ರೂಪಾಂತರ ಹೊಂದಿದ ದಿನ ಪೇತ್ರನಿಗೆ ಬೆಟ್ಟ ಬಿಟ್ಟು ಬರಲು ಮನಸ್ಸಾಗಲಿಲ್ಲ. ಮೂರು ಗುಡಾರ ಹಾಕೋಣವೆಂದನು. ಪ್ರಭು ಅಲ್ಲಿ ಉಳಿಯಲಿಲ್ಲ. ಬುಡದಲ್ಲಿ ಒಬ್ಬ ತಂದೆ ತನ್ನ ಪೀಡಿತ ಮಗನನ್ನು ಹಿಡಿದುಕೊಂಡು ಕಾದು ನಿಂತಿದ್ದನು. ಬೆಳಕಿನ ಶಿಖರದಿಂದ ಪ್ರಭು ಇಳಿದು ಬಂದು ಆ ಹುಡುಗನ ಕೈ ಹಿಡಿದು ಎಬ್ಬಿಸಿದರೆಂದು ಸಂತ ಮಾರ್ಕನ ಶುಭಸಂದೇಶ ಹೇಳುತ್ತದೆ.

ಈ ವಾರ ಪ್ರತಿ ಕುಟುಂಬವೂ ಒಂದು ಕೆಲಸ ಮಾಡಲಿ. ಒಂದು ರಾತ್ರಿಯಾದರೂ ತಾಯಿಗೆ ಮೊದಲು ಬಡಿಸಿ, ಅವಳ ಊಟ ಮುಗಿಯುವವರೆಗೆ ಯಾರೂ ಅವಳನ್ನು ಏಳಿಸಬೇಡಿ. ಪ್ರಾರ್ಥನೆಯಲ್ಲಿ ಅಜ್ಜಿಯ ದನಿಗೆ ನಿಮ್ಮ ದನಿಯನ್ನು ಹೊಂದಿಸಿ. ಹಿಂದೆ ಬಿದ್ದ ಮಗುವಿನ ಪಕ್ಕದಲ್ಲಿ, ಅಂಕದ ಮಾತೆತ್ತದೆ, ಅರ್ಧ ಗಂಟೆ ಕುಳಿತುಕೊಳ್ಳಿ. ನಮ್ಮ ಹಿಂದೆ ನಡೆದು ಬರುವ ಒಳ್ಳೆಯ ಕುರಿಗಾಹಿ ಯೇಸುವೇ, ನಮ್ಮ ಸಾಲಿನ ಕೊನೆಯವರನ್ನು ತಿರುಗಿ ನೋಡುವ ಕಣ್ಣನ್ನು ನಮಗೆ ದಯಪಾಲಿಸಿರಿ. ಆಮೆನ್.