ಕಾಯುವ ಸರದಿ ಯಾರದು?

ಶಂಕಗಿರಿ ಕೋಟೆಯ ಊರು, ಲಾರಿಗಳ ಊರೂ ಹೌದು. ಇಲ್ಲಿಯ ಲಾರಿ ಬುಕ್ಕಿಂಗ್ ಆಫೀಸೊಂದರ ಮೇಜಿನ ಮೇಲಿರುವ ರಿಜಿಸ್ಟರನ್ನು ನೆನೆದುಕೊಳ್ಳೋಣ. ಯಾವ ಲಾರಿ, ಯಾವ ಊರಿಗೆ, ಎಷ್ಟು ಬಾಡಿಗೆ ಎಂಬುದೆಲ್ಲ ಅದರಲ್ಲಿದೆ. ನಾಲ್ವರು ಒಟ್ಟಿಗೆ ಬಗ್ಗಿ ಓದಿದರೆ ಯಾರಿಗೂ ತೊಡಕಿಲ್ಲ. ಆದರೆ ಗುಮಾಸ್ತರು ಒಂದು ಸಾಲನ್ನು ತಿದ್ದುತ್ತಿರುವಾಗಲೇ ಓದಿದವನಿಗೆ ಲಾರಿಯ ನಂಬರು ಹೊಸದು, ಊರು ಮಾತ್ರ ಹಳೆಯದು ಸಿಕ್ಕೀತು. ಒಂದೊಂದು ಅಕ್ಷರವೂ ಗುಮಾಸ್ತರೇ ಬರೆದದ್ದು. ಆದರೂ ಸರಕು ತಪ್ಪಿದ ಊರಿಗೆ ಹೋಗುತ್ತದೆ.

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್‌ನಲ್ಲಿಯೂ ಇದೇ ಪೇಚು. ಅನೇಕ ಕೆಲಸಗಳು ಒಂದೇ ಪಟ್ಟಿಯನ್ನು ಓದುತ್ತಿರುತ್ತವೆ. ಆಗೊಮ್ಮೆ ಈಗೊಮ್ಮೆ ಯಾವುದೋ ಒಂದು ಅದನ್ನು ತಿದ್ದಬೇಕಾಗುತ್ತದೆ. 1971ರಲ್ಲಿ ಕೂರ್ತ್ವಾ, ಹೇಮನ್ಸ್, ಪಾರ್ನಸ್ ಎಂಬ ಮೂವರು ಈ ಸಮಸ್ಯೆಗೆ ಎರಡು ಪರಿಹಾರಗಳನ್ನು ಪ್ರಕಟಿಸಿದರು. ಮೊದಲನೆಯದರಲ್ಲಿ ಓದುಗರಿಗೆ ಮನ್ನಣೆ: ಓದುವವರು ಒಬ್ಬರ ಹಿಂದೊಬ್ಬರು ಬರುತ್ತಲೇ ಇದ್ದರೆ, ಬರೆಯುವವನು ಎಂದೆಂದಿಗೂ ಬಾಗಿಲಲ್ಲೇ ನಿಲ್ಲಬೇಕಾದೀತು. ಎರಡನೆಯದರಲ್ಲಿ ಬರೆಯುವವನಿಗೆ ಮನ್ನಣೆ. ಆಗ ಅದೇ ಗತಿ ಓದುಗರಿಗೆ. ಬಹುಜನರ ಅನುಕೂಲಕ್ಕಾಗಿ ಒಬ್ಬನನ್ನು ಕೊನೆಯಿಲ್ಲದೆ ಕಾಯಿಸಬಹುದೆ? ಲೆಕ್ಕದ ಪುಸ್ತಕದಲ್ಲಿ ಹುಟ್ಟಿದ ಪ್ರಶ್ನೆ ನ್ಯಾಯದ ಪ್ರಶ್ನೆಯಾಗಿಬಿಟ್ಟಿತು.

2002ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿದ ಆರ್‌ಸಿಯು ಎಂಬ ಉಪಾಯ ಈ ಜಗಳವನ್ನೇ ಬೇರೆ ರೀತಿಯಲ್ಲಿ ನೋಡುತ್ತದೆ. ಅಮೆರಿಕದ ಪಾಲ್ ಮೆಕೆನ್ನಿಯವರೊಡನೆ ಬೆಂಗಳೂರಿನ ಐಬಿಎಂನಲ್ಲಿದ್ದ ದೀಪಂಕರ್ ಸರ್ಮಾ, ಮನೀಶ್ ಸೋನಿ ಅವರೂ ಇದಕ್ಕಾಗಿ ದುಡಿದರೆಂಬುದು ನಮಗೆ ಸಂತೋಷದ ಸಂಗತಿ. ನಮ್ಮ ಗುಮಾಸ್ತರ ಮಾತಿನಲ್ಲಿ ಹೇಳುವುದಾದರೆ: ಹಳೆಯ ಹಾಳೆಯನ್ನು ಮುಟ್ಟಬೇಡಿ. ಬೇರೊಂದು ಹಾಳೆಯಲ್ಲಿ ನಕಲು ಮಾಡಿ, ಅದರಲ್ಲಿ ತಿದ್ದಿ, ಆಮೇಲೆ ಮೇಜಿನ ಮೇಲಿಡಿ. ಇನ್ನು ಮುಂದೆ ಬರುವವರು ಹೊಸದನ್ನು ಓದಲಿ. ಈಗಾಗಲೇ ಹಳೆಯದನ್ನು ಹಿಡಿದವರು ನೆಮ್ಮದಿಯಿಂದ ಮುಗಿಸಲಿ. ಅವರಲ್ಲಿ ಕೊನೆಯವರೂ ಎದ್ದ ಮೇಲೆಯೇ ಆ ಹಾಳೆಯನ್ನು ಹರಿಯಿರಿ. ಓದುಗನು ಯಾರಿಗಾಗಿಯೂ ಕಾಯುವುದಿಲ್ಲ. ಕಾಯುವ ಹೊಣೆ ಹಳೆಯದನ್ನು ಅಳಿಸಲು ಹೊರಟವನದು.

ಇದು ಎಲ್ಲೆಡೆಗೂ ಸಲ್ಲದು. ಬ್ಯಾಂಕಿನಲ್ಲಿ ಉಳಿದ ಐವತ್ತೇ ರೂಪಾಯಿಗೆ ಇಬ್ಬರು ಕೈ ಚಾಚಿದಾಗ ಹಳೆಯ ಹಾಳೆಯ ಲೆಕ್ಕ ನಡೆಯದು. ಅಲ್ಲಿ ಬೀಗವೇ ಬೇಕು. ಆದರೆ ಕೆಲವು ಕಡೆ ಅರೆಬರೆ ಹೊಸದಕ್ಕಿಂತ ಇಡಿಯಾದ ಹಳೆಯದು ಮೇಲೆಂದು ನಾವು ಒಪ್ಪುತ್ತೇವೆ.

ಹೀಗೆ ಒಪ್ಪುವಾಗ ನಮಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ನಾವು ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಕಲಿತವರು. ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿ ಅಲ್ಲಿಯ ಕನ್ನಡವನ್ನು ಹೊತ್ತು ತಂದೆವು. ತಂದವರು ಸುಮ್ಮನಿದ್ದೆವೆ? ಅಜ್ಜಿ ಮಾತಾಡುತ್ತಿರುವಾಗಲೇ, ವಾಕ್ಯದ ನಡುವೆ, ‘ಹಾಗಲ್ಲ ಅಜ್ಜಿ, ಹೀಗೆ’ ಎಂದು ತಿದ್ದಿದೆವು. ಅವರು ಒಂದು ಕ್ಷಣ ತಡೆದು, ಉಳಿದುದನ್ನು ತಮಿಳಿನಲ್ಲಿ ಹೇಳಿ ಮುಗಿಸಿದರು. ಅಂದು ನಾವು ನಕ್ಕಿದ್ದು ನೆನಪಿದೆ. ಹಾಳೆಯನ್ನು ಅವರ ಕೈಯಲ್ಲಿರುವಾಗಲೇ ಹರಿದಿದ್ದೆವು.

ಹೋಲಿಕೆ ಇಲ್ಲಿಗೆ ಕುಂಟುತ್ತದೆ ಎಂಬುದನ್ನೂ ಹೇಳಬೇಕು. ಕರ್ನೆಲ್‌ನಲ್ಲಿ ಹಳೆಯ ಹಾಳೆ ಹೊಸ ಓದುಗನ ಕೈಗೆ ಸಿಗುವುದಿಲ್ಲ, ಆದ್ದರಿಂದಲೇ ಕಾಯುವಿಕೆಗೆ ಕೊನೆಯುಂಟು. ಮನೆಯಲ್ಲಿ ಮೊಮ್ಮಗು ಅಜ್ಜಿಯ ತೊಡೆಯ ಮೇಲೆ ಕುಳಿತು ಆ ಹಾಳೆಯಿಂದಲೇ ಓದಲು ಆರಂಭಿಸುತ್ತದೆ. ಎಂಜಿನಿಯರರು ಇದನ್ನು ದೋಷವೆಂದಾರು. ಜಾಗ ತುಂಬಿಹೋಗುತ್ತದೆ ಎಂದಾರು. ತುಂಬಲಿ.

ಈ ಸಲದ ಮಕ್ಕಳ ಗೋಷ್ಠಿಯಲ್ಲಿ ಕಥೆ ಹೇಳಲು ನಮ್ಮ ಅಜ್ಜಿಯರನ್ನೇ ಕರೆದಿದ್ದೇವೆ. ತಿದ್ದುವವರು ಕಥೆ ಮುಗಿಯುವವರೆಗೆ ಕಾಯಬೇಕೆಂದು ಮೊದಲೇ ತಿಳಿಸಿದ್ದೇವೆ.