ಚಿತ್ರದಲ್ಲಿಲ್ಲದ ಎಮ್ಮೆ

ಬೆಳಗಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವೀರಗಲ್ಲಿನ ಛಾಯಾಚಿತ್ರವನ್ನು ತೂಗುಹಾಕಿದ್ದೇನೆ. ಬಂದವರು “ಎಂಥ ಏಕಾಂತ!” ಎಂದು ಮೆಚ್ಚುತ್ತಾರೆ. ನಾನು ಸುಮ್ಮನಿರುತ್ತೇನೆ. ಈ ಮೌನವೂ ಒಂದು ಬಗೆಯ ಸುಳ್ಳೇ ಅಲ್ಲವೆ ಎಂಬ ಪ್ರಶ್ನೆ ಈಚೆಗೆ ನನ್ನನ್ನು ಕಾಡುತ್ತಿದೆ.

ಹೋದ ವರ್ಷದ ಆಷಾಢದಲ್ಲಿ ಖಾನಾಪುರ ತಾಲೂಕಿನ ಹಲಸಿಗೆ ಹೋಗಿದ್ದೆ. ಪಲಾಶಿಕೆ ಎಂಬ ಹೆಸರಿನಿಂದ ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಾಗಿದ್ದ ಊರದು. ಗೋವೆಯ ಕದಂಬರ ಕಾಲದ, 12ನೆಯ ಶತಮಾನದ ಭೂವರಾಹ ನರಸಿಂಹ ದೇವಾಲಯ ಅಲ್ಲಿದೆ. ಮರಳುವ ದಾರಿಯಲ್ಲಿ ಗದ್ದೆಗಳೆಲ್ಲ ತುಂಬಿ ಕೆರೆಯಂತಾಗಿದ್ದವು. ನಡುವೆ ನಡುಗಡ್ಡೆಯಂಥ ಒಂದು ದಿಬ್ಬ. ಅದರ ಮೇಲೆ ಈ ಕಲ್ಲು. ಮೇಲೆ ಸೂರ್ಯಚಂದ್ರರ ಕೆಳಗೆ ಲಿಂಗಪೂಜೆ, ನಡುವೆ ಮಡಿದ ವೀರನನ್ನು ಕೊಂಡೊಯ್ಯುವ ಅಪ್ಸರೆಯರು. ಕೆಳಗಿನ ಹಂತವನ್ನು ಎಣ್ಣೆಯಲ್ಲಿ ಕಲಸಿ ಬಳಿದ ಕುಂಕುಮ ಮುಚ್ಚಿತ್ತು. ಮಗ್ಗುಲಲ್ಲೇ ಗೂಟ ಬಡಿದು ಎಮ್ಮೆ ಕಟ್ಟಿತ್ತು.

ಎಮ್ಮೆಯನ್ನು ಆಚೆ ಕಟ್ಟಲು ಕೇಳಿಕೊಂಡೆ. ಕಂಬಳಿ ಕೊಪ್ಪೆಯ ಮುದುಕಿ, “ಸರಸ್ತೀನ್ರಿ ಸಾಹೇಬರ. ಕುಂಕುಮಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ, ಅಮಾಸಿಗೆ ನನ್ನ ಸೊಸಿ ಹಚ್ಚ್ಯಾಳ” ಎಂದಳು. ಅವಳು ಅತ್ತ ತಿರುಗಿದಾಗ ನಾನು ಒದ್ದೆ ಕರವಸ್ತ್ರದಿಂದ ಅದನ್ನೂ ಒರಸಿದೆ.

ಶಾಸನಗಳ ಅಚ್ಚು ತೆಗೆಯುವವರೂ ಮೊದಲು ಕಲ್ಲನ್ನು ತೊಳೆದು, ಆಮೇಲೆ ಒದ್ದೆ ಕಾಗದವೊತ್ತಿ ಬಡಿಯುತ್ತಾರಲ್ಲ ಎಂದು ಮನಸ್ಸು ವಾದಿಸಿತು. ಆದರೆ ಅವರು ತೊಳೆಯುವುದು ಅಕ್ಷರವನ್ನು ಓದಲು. ಈ ಕಲ್ಲಿನಲ್ಲಿ ಅಕ್ಷರವೇ ಇರಲಿಲ್ಲ. ನನಗೆ ಬೇಕಾಗಿದ್ದುದು ಏಕಾಂತ, ಅದೂ ಅಲ್ಲಿಲ್ಲದ ಏಕಾಂತ! ಕವಿಯೂ ಬೇಡವಾದುದನ್ನು ಬಿಡುತ್ತಾನೆ, ನಿಜ. ಆದರೆ ಕವಿಯ ಮಾತನ್ನು ಯಾರೂ ಸಾಕ್ಷಿಯೆಂದು ಕೇಳುವುದಿಲ್ಲ. ಛಾಯಾಚಿತ್ರವಾದರೋ ‘ಕಣ್ಣಾರೆ ಕಂಡೆ’ ಎಂದು ಆಣೆಯಿಟ್ಟೇ ಬಾಯಿ ತೆರೆಯುತ್ತದೆ.

ಒರಸಿದ ಮೇಲೆ ಕಂಡದ್ದು ಆಕಳ ಸಾಲು. ತುರುಗೊಳ್! ದನಗಳನ್ನು ಹಿಡಿದೊಯ್ಯುವವರೊಡನೆ ಕಾದಿ ಸತ್ತವನ ಕಲ್ಲು ಅದು. ಇಂಥ ಕಲ್ಲುಗಳ ವಿಷಯವನ್ನು ಇಪ್ಪತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಅವನ ಮಗ್ಗುಲಿನಿಂದ ದನವನ್ನು ನಾನೇ ಎಬ್ಬಿಸಿ ಕಳಿಸಿದ್ದೆ.

ಮುದುಕಿ ಮರಳಿ ಬಂದು ಕಲ್ಲನ್ನು ನೋಡಿದಳು. ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ನಮ್ಮ ಎಮ್ಮೀದೂ ಒಂದು ಫೋಟೋ ತಗೀರಿ” ಎಂದಳು. ಖಾನಾಪುರದ ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಂದೆ.